ಯಾವ ಮರ ಕಡಿಸಿದರೆ ಸೀನು ನಿಲ್ಲುತ್ತದೆ?

ಮೈಸೂರಿನಲ್ಲಿ ಸಸ್ಯಶಾಸ್ತ್ರ ಪಾಠ ಹೇಳುವ, ಮೇಲಾಗಿ ಪರಾಗದ ಅಲರ್ಜಿಯಿಂದ ಸ್ವತಃ ಬಳಲುವ ನನ್ನನ್ನು ಶಿವರಾತ್ರಿ ಹತ್ತಿರವಾದಂತೆ ಪರಿಚಿತರೆಲ್ಲ ಕೇಳುವುದು ಇದೊಂದನ್ನೇ. ಯಾವ ಮರವನ್ನೂ ಕಡಿಸಬೇಡಿ ಎಂಬುದು ನನ್ನ ಉತ್ತರ. ಕೇಳುವವರು ತೀರ್ಪನ್ನು ಮೊದಲೇ ಬರೆದುಕೊಂಡು ಬಂದಿರುತ್ತಾರೆ ಎಂಬುದೇ ನನಗೆ ಸಿಟ್ಟು ತರಿಸುವ ಸಂಗತಿ.

ಸರಸ್ವತಿಪುರಂನ ಒಂದು ಮನೆಯವರಂತೂ ನನ್ನ ಸಹಿಯನ್ನೇ ಕೇಳಿಕೊಂಡು ಬಂದಿದ್ದರು. ಮರ ಕಡಿಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ವೃಕ್ಷಾಧಿಕಾರಿಯ ಅನುಮತಿ ಬೇಕು. ಗೇಟಿನ ಎದುರಿನ ಗುಲ್‌ಮೊಹರ್‌ನಿಂದ ಮಗನಿಗೆ ಅಲರ್ಜಿಯಾಗಿದೆ ಎಂದು ನಾನು ಬರೆದುಕೊಡಬೇಕಿತ್ತು. ಹುಡುಗನಿಗೆ ಸೀನು ಯಾವಾಗ ಶುರುವಾಗುತ್ತದೆ ಎಂದು ಕೇಳಿದೆ. ಸಂಕ್ರಾಂತಿ ಕಳೆದ ಮೇಲೆ ಶುರುವಾಗಿ ಯುಗಾದಿಯ ಹೊತ್ತಿಗೆ ತಗ್ಗುತ್ತದೆ ಎಂದರು. ಗುಲ್‌ಮೊಹರ್ ಕೆಂಪಾಗುವುದು ಏಪ್ರಿಲ್, ಮೇ ತಿಂಗಳಲ್ಲಿ. ಇನ್ನೂ ಹೂವನ್ನೇ ಬಿಡದ ಮರ ಪರಾಗ ಚೆಲ್ಲುವುದಾದರೂ ಹೇಗೆ? ನಾನು ಸಹಿ ಹಾಕಲಿಲ್ಲ. ಅವರು ಮುನಿಸಿಕೊಂಡು ಹೋದವರು ಇಂದಿಗೂ ಮಾತನಾಡಿಸುವುದಿಲ್ಲ.

ಕಣ್ಣಿಗೆ ಕಾಣುವ ಹೂವಿನ ಮೇಲೆಯೇ ಎಲ್ಲರಿಗೂ ಅನುಮಾನ. ಆದರೆ ಬಣ್ಣದ ದೊಡ್ಡ ಹೂವುಗಳು ಇರುವುದು ಜೇನು, ಚಿಟ್ಟೆ, ಹಕ್ಕಿಗಳನ್ನು ಕರೆಯಲಿಕ್ಕೆ. ಅವುಗಳ ಪರಾಗ ಭಾರವಾಗಿ, ಅಂಟಂಟಾಗಿ ಇರುವುದರಿಂದ ಗಾಳಿಯಲ್ಲಿ ಹೆಚ್ಚು ದೂರ ಹೋಗುವುದಿಲ್ಲ. ಗಾಳಿಯನ್ನೇ ನಂಬಿದ ಮರಗಳಿಗೆ ಬಣ್ಣದ ಹಂಗಿಲ್ಲ. ಎಲೆ ಉದುರಿಸಿಕೊಂಡು ನಿಂತಾಗ ಹಸಿರುಮಿಶ್ರಿತ ಸಣ್ಣ ಹೂ ಬಿಡುವ ತಪಸಿ, ತೋಪುಗಳಲ್ಲಿ ಬೆಳೆಸುವ ಸರ್ವೆ ಇಂಥವು. ಅವುಗಳ ಒಣ, ಹಗುರ ಪರಾಗ ಕಿಲೋಮೀಟರುಗಟ್ಟಲೆ ತೇಲಿಬರುತ್ತದೆ. ಹೀಗಿರುವಾಗ ಗೇಟಿನ ಮುಂದಿನ ಒಂದು ಮರ ಹೋದರೆ ಏನು ಬದಲಾದೀತು? ಗುಲ್‌ಮೊಹರ್ ಕಡಿಯಲು ಹೊರಟ ಮನೆಯ ಪಕ್ಕದ ಖಾಲಿ ನಿವೇಶನದಲ್ಲಿ ಕಾಂಗ್ರೆಸ್ ಗಿಡ ಸೊಂಟದೆತ್ತರ ಬೆಳೆದಿತ್ತು. ಅದರ ಪರಾಗವೂ ಅಲರ್ಜಿ ತರುತ್ತದೆ, ಅದನ್ನು ಕೀಳಲು ಯಾರ ಅನುಮತಿಯೂ ಬೇಡ.

ಇದು ನೆಗಡಿಯೋ ಅಲರ್ಜಿಯೋ ಎಂದು ತಿಳಿಯುವುದು ಹೇಗೆಂದು ಯಾರಾದರೂ ಕೇಳಿದ್ದರೆ ನಾನು ಸಂತೋಷದಿಂದ ಕೂತು ವಿವರಿಸುತ್ತಿದ್ದೆ. ನೆಗಡಿ ಸಾಮಾನ್ಯವಾಗಿ 7ರಿಂದ 10 ದಿನಗಳಲ್ಲಿ ಇಳಿಯುತ್ತದೆ, ಒಮ್ಮೊಮ್ಮೆ ಜ್ವರ, ಮೈಕೈ ನೋವು ಜೊತೆಗಿರುತ್ತವೆ. ಅಲರ್ಜಿಯಲ್ಲಿ ಜ್ವರವಿಲ್ಲ, ಮೂಗಿನಿಂದ ನೀರಿನಂತೆ ತಿಳಿಯಾಗಿ ಸುರಿಯುತ್ತದೆ, ಸಾಲುಸಾಲಾಗಿ ಸೀನು ಬರುತ್ತದೆ, ಕಣ್ಣು, ಮೂಗು, ಅಂಗುಳ ತುರಿಸುತ್ತವೆ, ಅದೂ ವಾರಗಟ್ಟಲೆ, ಪ್ರತಿ ವರ್ಷ ಅದೇ ಋತುವಿನಲ್ಲಿ. ವರ್ಷವಿಡೀ ಇದ್ದರೆ ಮನೆಯ ಧೂಳಿನ ನುಸಿಯನ್ನೂ ಅನುಮಾನಿಸಬೇಕು. ಆದ್ದರಿಂದ ತೊಂದರೆ ಶುರುವಾದ ದಿನವನ್ನೂ ನಿಂತ ದಿನವನ್ನೂ ಕ್ಯಾಲೆಂಡರಿನಲ್ಲಿ ಬರೆದಿಟ್ಟು ವೈದ್ಯರಿಗೆ ತೋರಿಸಿ. ಚರ್ಮಕ್ಕೆ ಚುಚ್ಚಿ ಮಾಡುವ ಪರೀಕ್ಷೆಯ ಫಲ 15–20 ನಿಮಿಷಗಳಲ್ಲಿ ತಿಳಿಯುತ್ತದೆ. ಅದಕ್ಕೆ ಕೆಲವು ದಿನ ಮುಂಚೆಯೇ ಅಲರ್ಜಿ ಮಾತ್ರೆ ನಿಲ್ಲಿಸಿರಬೇಕು.

ಮೂಗಿಗೆ ಹಾಕುವ ಸ್ಟೆರಾಯ್ಡ್ ಸ್ಪ್ರೇ ಹೆಸರಿಗೆ ಹೆದರಿ ಅದನ್ನು ಎರಡೇ ದಿನಕ್ಕೆ ಬಿಟ್ಟವರು ನನಗೆ ಎಷ್ಟೋ ಮಂದಿ ಗೊತ್ತು. ವೈದ್ಯರು ಹೇಳಿದಂತೆ ದಿನವೂ ಬಳಸಿದರೆ ಅದರ ಪೂರ್ಣ ಪರಿಣಾಮ ಕಾಣಲು ಒಂದೆರಡು ವಾರ ಬೇಕು, ಆದ್ದರಿಂದ ಋತು ಶುರುವಾಗುವ ಮೊದಲೇ ಆರಂಭಿಸುವುದು ಒಳ್ಳೆಯದು. ಮೂಗು ಕಟ್ಟಿದಾಗ ಅಂಗಡಿಯಲ್ಲಿ ಕೊಳ್ಳುವ ಹನಿಗಳದು ಬೇರೆಯೇ ಕಥೆ: ಕೆಲವೇ ದಿನ ಮೀರಿದರೆ ಅವೇ ಮೂಗನ್ನು ಮತ್ತೆ ಕಟ್ಟಿಸುತ್ತವೆ. ಅಲರ್ಜಿಗೆ ನುಂಗುವ ಸೆಟಿರಿಜಿನ್ ಮಾತ್ರೆ ಕೆಲವರಿಗೆ ತೂಕಡಿಕೆ ತರುತ್ತದೆ, ಗಾಡಿ ಓಡಿಸುವವರು ಗಮನಿಸಬೇಕು. ಒಣ ಗಾಳಿ ಬೀಸುವ ದಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆಯುವುದಾದರೆ ಮಾಸ್ಕ್ ಧರಿಸಿ, ಮನೆಗೆ ಬಂದೊಡನೆ ಮುಖ ತೊಳೆದು ಬಟ್ಟೆ ಬದಲಿಸಿ.

ಇಷ್ಟಕ್ಕೂ ಬಗ್ಗದಿದ್ದರೆ ಇಮ್ಯುನೊಥೆರಪಿ ಇದೆ: ಅಲರ್ಜಿ ತರುವ ಪದಾರ್ಥವನ್ನೇ ಸಣ್ಣ ಪ್ರಮಾಣದಿಂದ ಆರಂಭಿಸಿ ಹಂತಹಂತವಾಗಿ ಹೆಚ್ಚಿಸುತ್ತ ಕೊಟ್ಟು ದೇಹವನ್ನು ಒಗ್ಗಿಸುವ ಈ ಚಿಕಿತ್ಸೆಗೆ ಸಾಮಾನ್ಯವಾಗಿ 3ರಿಂದ 5 ವರ್ಷ ಹಿಡಿಯುತ್ತದೆ. ಆದರೆ ಸೀನಿನ ಜೊತೆಗೆ ಎದೆ ಬಿಗಿಯುವುದು, ಉಸಿರಿನಲ್ಲಿ ಸಿಳ್ಳಿನಂಥ ಸದ್ದು ಬರುವುದು ಕಂಡರೆ ಅದು ಆಸ್ತಮಾ ಆಗಿರಬಹುದು. ಆಗ ಮರವನ್ನೂ ನನ್ನನ್ನೂ ಬಿಟ್ಟು ಅಂದೇ ವೈದ್ಯರ ಬಳಿ ಹೋಗಿ.