ಸುಟ್ಟ ಮೋಟಾರು, ಕೊಟ್ಟ ಖೋ

ನಮ್ಮ ಪ್ರೌಢಶಾಲೆಯ ದೈಹಿಕ ಶಿಕ್ಷಕರು ತೀರಿಕೊಂಡರೆಂಬ ಸುದ್ದಿ ಬಂದ ದಿನ, ಅವರ ಸೀಟಿಯ ಸದ್ದಿಗಿಂತ ಮೊದಲು ನನ್ನ ನೆನಪಿಗೆ ಬಂದದ್ದು ಸುಟ್ಟ ವಾರ್ನಿಷ್ಷಿನ ವಾಸನೆ.

ಅದು 1977. ಮಂಡ್ಯದಲ್ಲಿ ನಡೆಯಲಿದ್ದ ತಾಲ್ಲೂಕು ಮಟ್ಟದ ಖೋ-ಖೋ ಪಂದ್ಯಕ್ಕೆ ಎರಡು ದಿನ ಉಳಿದಿತ್ತು. ಮೈದಾನದ ಧೂಳು ಅಡಗಿಸಲು ನೀರು ಚಿಮುಕಿಸೋಣವೆಂದು ನಾವು ನಾಲ್ವರು ಶಾಲೆಯ ಪಂಪ್‌ಹೌಸಿನ ಬೀಗ ತೆಗೆದೆವು. ಟ್ರಾನ್ಸ್‌ಫಾರ್ಮರಿನಲ್ಲಿ ಒಂದು ಫ್ಯೂಸ್ ಹೋಗಿ ಮೋಟಾರಿಗೆ ಬೇಕಾದ ಮೂರು ಫೇಸ್‌ಗಳಲ್ಲಿ ಎರಡೇ ಬರುತ್ತಿದ್ದುದರಿಂದ, ಅದನ್ನು ಚಾಲೂ ಮಾಡುವ ಸ್ಟಾರ್ಟರ್ ಕಚ್ಚಿಕೊಳ್ಳಲಿಲ್ಲ. ಗದ್ದೆಯಲ್ಲಿ ದೊಡ್ಡವರು ಮಾಡುವುದನ್ನು ಕಂಡಿದ್ದ ನಾನು ಸ್ಟಾರ್ಟರಿನ ಮುಚ್ಚಳ ತೆಗೆದು, ಒಳಗೆ ಬಿದಿರುಕಡ್ಡಿಯೊಂದನ್ನು ತುರುಕಿ ಒತ್ತಿ ನಿಲ್ಲಿಸಿದೆ. ಮೋಟಾರು ತಿರುಗದೆ ಗುಂಯ್‌ಗುಟ್ಟಿತು, ಬಿಸಿಯಾಯಿತು, ಹೊಗೆಯಾಡಿತು.

ಮೇಷ್ಟ್ರು ಹೊಡೆಯಲಿಲ್ಲ. ಸುಟ್ಟ ಮೋಟಾರನ್ನು ಎತ್ತಿನ ಗಾಡಿಗೆ ಹೇರಿಸಿ, ನನ್ನನ್ನೂ ಅದರ ಪಕ್ಕದಲ್ಲಿ ಕೂರಿಸಿ, ಪೇಟೆಯ ರಿವೈಂಡಿಂಗ್ ಅಂಗಡಿಗೆ ಕರೆದೊಯ್ದರು. ದಸರಾ ರಜೆ ಮುಗಿಯುವವರೆಗೆ ಕೂಲಿಯಿಲ್ಲದೆ ದುಡಿದು ಸಾಲ ತೀರಿಸಬೇಕೆಂಬುದು ಅವರ ತೀರ್ಪು. 1902ರಲ್ಲಿಯೇ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಕಳುಹಿಸಿದ ಶಿವನಸಮುದ್ರ ನಮ್ಮ ಜಿಲ್ಲೆಯಲ್ಲಿಯೇ ಇದ್ದರೂ, ವಿದ್ಯುತ್ತೆಂದರೇನೆಂದು ನನಗೆ ತಿಳಿಯತೊಡಗಿದ್ದು ಆ ಅಂಗಡಿಯ ಮಣೆಯ ಮೇಲೆ. ಕರಿಕಾದ ತಾಮ್ರವನ್ನು ಕಿತ್ತು, ಸ್ಲಾಟುಗಳನ್ನು ಕೆರೆದು, ಕಾಗದ ಹಾಸಿ, ಮರದ ಅಚ್ಚಿನ ಮೇಲೆ ಹೊಸ ತಂತಿಯನ್ನು ಎಣಿಸುತ್ತಾ ಸುತ್ತಬೇಕು. ಮಧ್ಯೆ ಯಾರಾದರೂ ಮಾತನಾಡಿಸಿ ಎಣಿಕೆ ತಪ್ಪಿತೋ, ಅಂಗಡಿಯ ಸಾಬರು ಅಷ್ಟನ್ನೂ ಬಿಚ್ಚಿಸುತ್ತಿದ್ದರು. ಮುಂದೆ ಎಂಜಿನಿಯರಿಂಗ್ ಕಾಲೇಜಿನಲ್ಲಿ ಸಹಪಾಠಿಗಳು ವೈಂಡಿಂಗ್ ಚಿತ್ರಗಳನ್ನು ಬಾಯಿಪಾಠ ಮಾಡುವಾಗ ನಾನು ನಿಶ್ಚಿಂತೆಯಿಂದ ನಿದ್ರಿಸುತ್ತಿದ್ದೆನೆಂದು ಹೇಳಿದರೆ ಜಂಬವೆನಿಸಬಹುದು, ಆದರೆ ನಿಜ.

ಪಂದ್ಯವನ್ನೂ ಸೋತೆವು, ಅದಕ್ಕೂ ನಾನೇ ಕಾರಣ. ಓಟದಲ್ಲಿ ನನಗೆ ಸಮನಾದವರಿಲ್ಲವೆಂಬ ಹಮ್ಮಿನಲ್ಲಿ, ಖೋ ಕೊಡದೆ ಒಬ್ಬನೇ ಅಟ್ಟಿಸಿಕೊಂಡು ಹೋಗಿ ದಣಿದೆ. ಕೊನೆಗೆ ಗಾಬರಿಯಲ್ಲಿ ಕೊಟ್ಟ ಖೋ ಬೆನ್ನಿಗೆ ಕೈ ತಾಗುವ ಮೊದಲೇ ಬಾಯಿಂದ ಹೊರಟಿತ್ತು. "ಮುಟ್ದೆ ಖೋ ಅಂದ್ರೂ ಫೌಲು, ಅನ್ದೆ ಮುಟ್ಟಿದ್ರೂ ಫೌಲು ಕಣ್ಲಾ. ಕೂತಿರೋನ್ಗೆ ಬೆನ್ನಲ್ಲಿ ಕಣ್ಣಿರ್ತದಾ?" ಎಂದರು ಮೇಷ್ಟ್ರು.

ಈ ಮಾತಿನ ಬೆಲೆ ತಿಳಿಯಲು ಹತ್ತು ವರ್ಷ ಬೇಕಾಯಿತು. ಉಪಕೇಂದ್ರವೊಂದರಲ್ಲಿ ಕಿರಿಯ ಎಂಜಿನಿಯರನಾಗಿದ್ದಾಗ, ದುರಸ್ತಿಗಾಗಿ ಲೈನ್ ಕ್ಲಿಯರ್ (ವಿದ್ಯುತ್ತು ನಿಲ್ಲಿಸಿ ಕೆಲಸ ಮಾಡುವ ಅನುಮತಿ) ಪಡೆದು ತಂತಿಗೆ ಅರ್ಥ್ ಕಟ್ಟಿಸಿದ್ದ, ಅಂದರೆ ಅದನ್ನು ನೆಲಕ್ಕೆ ಜೋಡಿಸಿದ್ದ ನಾನು, ಪಾಳಿ ಬದಲಾಗುವಾಗ ಅದನ್ನು ಪುಸ್ತಕದಲ್ಲಿ ಬರೆದು ಮನೆಗೆ ಹೊರಟೆ. ಬಂದವರಿಗೆ ಬಾಯಿಬಿಟ್ಟು ಹೇಳಲಿಲ್ಲ. ಕೆಲಸ ಮುಗಿಯಿತೆಂದುಕೊಂಡ ಅವರು ಲೈನಿಗೆ ವಿದ್ಯುತ್ತು ಹರಿಸಿದೊಡನೆ ಬ್ರೇಕರ್ ಟ್ರಿಪ್ ಆಗಿ ಲೈನು ತಾನಾಗಿ ಕಡಿಯಿತು. ಲೈನಿನ ಆಳುಗಳು ಆ ಹೊತ್ತಿಗೆ ಟೀ ಕುಡಿಯಲು ಕೆಳಗಿಳಿದಿದ್ದರಿಂದ ಜೀವಗಳು ಉಳಿದವು. ಅಂದಿನಿಂದ ನಿವೃತ್ತನಾಗುವವರೆಗೂ, ಪಾಳಿಗೆ ಬಂದವನ ಹೆಗಲು ಮುಟ್ಟಿ, ಇಂತಿಂಥ ಕಡೆ ಅರ್ಥ್ ಇದೆಯೆಂದು ಗಟ್ಟಿಯಾಗಿ ಹೇಳಿ, ಅವನ ಬಾಯಿಂದಲೂ ಹೇಳಿಸಿಯೇ ಹೊರಡುತ್ತಿದ್ದೆ. ಕಿರಿಯರು ಹಿಂದಿನಿಂದ ನಗುತ್ತಿದ್ದರು, ನಗಲಿ.

ಈಗ ಆಟದ ಅವಧಿಯನ್ನು ಗಣಿತಕ್ಕೆ ಬಿಟ್ಟುಕೊಡುವುದು ಅನೇಕ ಶಾಲೆಗಳಲ್ಲಿ ರೂಢಿಯಾಗಿದೆ. ಸಂದರ್ಶನಕ್ಕೆ ಬರುತ್ತಿದ್ದ, ನನಗಿಂತ ಎಷ್ಟೋ ಹೆಚ್ಚು ಅಂಕ ಪಡೆದ ಹುಡುಗರನ್ನು ರಜೆಯಲ್ಲಿ ಎಲ್ಲಾದರೂ ದುಡಿದಿದ್ದೀರಾ ಎಂದು ಕೇಳಿದರೆ, ಅವಮಾನವಾದಂತೆ ನೋಡುತ್ತಿದ್ದರು.

ಹೋದ ವರ್ಷ ಮೇಷ್ಟ್ರನ್ನು ನೋಡಲು ಹೋಗಿದ್ದೆ. ಅಧೀಕ್ಷಕ ಎಂಜಿನಿಯರ್ ಆಗಿ ನಿವೃತ್ತನಾದುದನ್ನು ಎರಡು ಬಾರಿ ಹೇಳಿದೆ. ಅವರು ಬಹಳ ಹೊತ್ತು ನನ್ನನ್ನೇ ನೋಡಿ, ಒಳಗಿನಿಂದ ಕಾಫಿ ತಂದ ಸೊಸೆಗೆ ಪರಿಚಯಿಸಿದರು: "ಇವ್ನೇ ಕಣವ್ವ, ನಮ್ ಸ್ಕೂಲ್ ಮೋಟ್ರು ಸುಟ್ಟೋನು."