ಏಳು ಜನ ಬೇಕಂತೆ

2024 ಜೂನ್ 23, ಆದಿತ್ಯವಾರ
ಪೆರ್ಲ, ಕಾಸರಗೋಡು

ಬೆಳಿಗ್ಗೆಯಿಂದ ಮಳೆ ಬಿಟ್ಟಿಲ್ಲ. ಕರೆಂಟು ಹೋಗಿ ಬಂದು ಮಾಡುತ್ತಿದೆ. ಹತ್ತು ಗಂಟೆಗೆ ಮಾಷ್ಟ್ರ ಫೋನು. "ಸಂಘ ರಿಜಿಸ್ಟರ್ ಮಾಡಲು ಏಳು ಜನ ಬೇಕಂತೆ ಮಾರಾಯ್ತಿ. ನಾವು ಎಷ್ಟು ಜನ ಇದ್ದೇವೆ?"

ಬೆರಳು ಮಡಚಿ ನೋಡಿದೆ. ಕೆಲಸ ಮಾಡುವವರು ಆರು. ಸಹಿ ಹಾಕುವವರು ನಾಲ್ಕು.

ಮೂರು ವರ್ಷದಿಂದ ನಮ್ಮ ಕೂಟ ನಡೆಯುತ್ತಿದೆ. ಆಫೀಸಿಲ್ಲ, ಬೋರ್ಡಿಲ್ಲ, ಎಲ್ಲ ಆನ್‌ಲೈನ್. ಎಂಡೋಸಲ್ಫಾನ್ ಎಂಬ ಕೀಟನಾಶಕದಿಂದ ಬಾಧಿತರಾದವರ ಮನೆಗಳಲ್ಲಿರುವ ಕಾಗದಗಳ ಫೋಟೋ ತೆಗೆದು ಜೋಡಿಸಿ ಇಡುವುದು, ಮಲಯಾಳದಲ್ಲಿ ಬಂದ ಆದೇಶವನ್ನು ಕನ್ನಡ ಮಾಡಿ ಮೊಬೈಲಿಗೆ ಮುಟ್ಟಿಸುವುದು, ಅರ್ಜಿ ತುಂಬಿಸುವುದು. ಯಾರಾದರೂ ಹಣ ಕಳಿಸಿದರೆ ನನ್ನ ಗೂಗಲ್ ಪೇಗೆ ಬರುತ್ತದೆ. ಹೋದ ವರ್ಷ ಬಂದದ್ದು 18,400 ರೂಪಾಯಿ. "ನಿನ್ನ ಸಂಬಳ ಯಾವುದು, ಊರವರ ದುಡ್ಡು ಯಾವುದು ಅಂತ ನಿನಗಾದರೂ ಗೊತ್ತುಂಟಾ?" ಎಂದು ನಮ್ಮ ಮನೆಯವರು ಕೇಳುತ್ತಲೇ ಇರುತ್ತಾರೆ. ಗೊತ್ತುಂಟು. ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ಆದರೂ ಕೇಳುವುದು ಸರಿಯೇ ಅಲ್ವಾ?

ಈಗ ಒಬ್ಬರು ಸ್ಕ್ಯಾನರ್ ಕೊಡಿಸುತ್ತೇನೆ ಎಂದಿದ್ದಾರೆ. ಸಂಘದ ಹೆಸರಿನಲ್ಲಿ ಖಾತೆ ಇದ್ದರೆ ಮಾತ್ರ. ಖಾತೆ ಬೇಕಾದರೆ ರಿಜಿಸ್ಟ್ರೇಶನ್ ಬೇಕು. ನಮ್ಮಲ್ಲಿ ವಕೀಲಿ ಓದುವ ಹುಡುಗಿಯೊಬ್ಬಳಿದ್ದಾಳೆ, ಮುಳ್ಳೇರಿಯದ ಕಡೆಯವಳು. ಅವಳು ಹೇಳುವ ಪ್ರಕಾರ ಮಲಬಾರಿನವರಾದ ನಮಗೆ ಸಂಘ ನೋಂದಣಿಗೆ ಈಗಲೂ 1860ರ ಕಾಯ್ದೆಯೇ. ತಿರುವಾಂಕೂರು-ಕೊಚ್ಚಿ ಕಡೆಗೆ 1955ರದ್ದು ಬೇರೆ ಇದೆಯಂತೆ. ಕೇರಳ ಆಗಿ ಇಷ್ಟು ವರ್ಷ ಆದರೂ ನಮ್ಮನ್ನು ಬ್ರಿಟಿಷರೇ ನೋಡಿಕೊಳ್ಳುತ್ತಿದ್ದಾರೆ. ಆ ಕಾಯ್ದೆಗೆ ಕಡಿಮೆಯೆಂದರೆ ಏಳು ಜನ. ಹೆಸರು, ವಿಳಾಸ, ಉದ್ಯೋಗ, ಸಹಿ.

ನಾನು, ಮಾಷ್ಟ್ರು, ವಕೀಲಿ ಹುಡುಗಿ, ಬೆಂಗಳೂರಿನ ಸಾಫ್ಟ್‌ವೇರ್ ಹುಡುಗ. ನಾಲ್ಕು. ಬೆಂಗಳೂರಿನವನು ಊರಿಗೆ ಬಾರದೆ ಏಳು ತಿಂಗಳಾಯಿತು. ಆದರೆ ರಾತ್ರಿ ಒಂದು ಗಂಟೆಗೆ ಮೆಸೇಜ್ ಹಾಕಿದರೂ ಉತ್ತರ ಕೊಡುತ್ತಾನೆ. ಪಾಲಿಯೇಟಿವ್ ನರ್ಸ್ ಸಹಿ ಹಾಕುವುದಿಲ್ಲ. ಕಾಂಟ್ರಾಕ್ಟ್ ಕೆಲಸ, ಹೆದರಿಕೆ. ನಾನು ಒತ್ತಾಯ ಮಾಡಲಿಲ್ಲ. ಯಾವ ಮನೆಯಲ್ಲಿ ಯಾರು ಹಾಸಿಗೆ ಹಿಡಿದಿದ್ದಾರೆ ಎಂದು ನಮಗೆ ಮೊದಲು ತಿಳಿಯುವುದೇ ಅವರಿಂದ.

ಮಾಷ್ಟ್ರ ಹೆಂಡತಿ ಹಿಂದಿನಿಂದ ಕೂಗಿದರು. "ಮೂರು ವರ್ಷ ಎಲ್ಲರಿಗೂ ಚಾ ಕೊಟ್ಟದ್ದು ಯಾರು? ನನ್ನ ಹೆಸರು ಹಾಕಿ." ಐದಾಯಿತು.

ಮಾಷ್ಟ್ರ ಬಗ್ಗೆ ಸ್ವಲ್ಪ ಬರೆಯಬೇಕು. ಕನ್ನಡ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ಅನುವಾದ ಬರೆಯುವುದು ಹಳೆಯ ಪರೀಕ್ಷೆಯ ಪೇಪರಿನ ಹಿಂಬದಿಯಲ್ಲಿ, ನೀಲಿ ಪೆನ್ನಿನಲ್ಲಿ. ಅದರ ಫೋಟೋ ನನಗೆ ಬರುತ್ತದೆ, ನಾನು ಟೈಪ್ ಮಾಡುತ್ತೇನೆ. ಒತ್ತಕ್ಷರ ತಪ್ಪಿದರೆ ರಾತ್ರಿಯೇ ಫೋನು. ಕಾಸರಗೋಡಿನ ಕನ್ನಡದವರು ಸರಕಾರಕ್ಕೆ ಕನ್ನಡದಲ್ಲೇ ಬರೆಯಬಹುದು ಎಂದು 1969ರ ಭಾಷಾ ಕಾಯ್ದೆಯಲ್ಲೇ ಉಂಟು ಎಂಬುದು ಅವರ ಮೆಚ್ಚಿನ ಮಾತು. ಕೌಂಟರಿನಲ್ಲಿ ನಿಂತಾಗ ಮಾತ್ರ ಅವರೂ ಮಲಯಾಳದಲ್ಲೇ ಮಾತಾಡುತ್ತಾರೆ, ಕೆಲಸ ಆಗಬೇಕಲ್ಲ.

2022ರ ಮೇಯಲ್ಲಿ ಸುಪ್ರೀಂ ಕೋರ್ಟಿನ ಆದೇಶ ಬಂದಾಗ ಅವರು ಅರ್ಧದಲ್ಲೇ ಪೆನ್ನು ಇಟ್ಟು ಫೋನು ಮಾಡಿದ್ದರು. "ಇದು ಎಂಟೋ ಎಂಟುನೂರೋ, ಸರಿ ನೋಡು." ನಾನು ನೋಡಿದೆ. ಎಂಟೇ. ಬಾಧಿತರಲ್ಲಿ ಪ್ರತಿಯೊಬ್ಬರಿಗೂ ಐದು ಲಕ್ಷ ಪರಿಹಾರ ಮೂರು ತಿಂಗಳೊಳಗೆ ಕೊಡಿ ಎಂದು ಅದೇ ಕೋರ್ಟು 2017ರ ಜನವರಿಯಲ್ಲಿ ಹೇಳಿತ್ತು. ಐದು ವರ್ಷ ಕಳೆದ ಮೇಲೆ 3704 ಜನರಲ್ಲಿ ಹಣ ಸಿಕ್ಕಿದ್ದು ಎಂಟು ಜನರಿಗೆ, ಅದೂ ಮತ್ತೆ ಕೋರ್ಟಿಗೆ ಹೋದವರಿಗೆ. ಎಲ್ಲರಿಗೂ ಹಣ ಬರತೊಡಗಿದ್ದು ಆ ಆದೇಶದ ನಂತರ. ಮಾಷ್ಟ್ರು ಅಂಕಿಯ ಪಕ್ಕದಲ್ಲಿ ಅಕ್ಷರದಲ್ಲೂ "ಎಂಟು" ಎಂದು ಬರೆದು ಎರಡು ಗೆರೆ ಎಳೆದಿದ್ದರು. ನಾನು ಗೆರೆಗಳನ್ನೂ ಹಾಗೆಯೇ ಟೈಪ್ ಮಾಡಿದೆ.

ಮಧ್ಯಾಹ್ನ ಊಟ ಮುಗಿಸಿ ಅಕ್ಕನ ಮನೆಗೆ ಹೋದೆವು, ನಾನು ಮತ್ತು ನಮ್ಮ ಕೂಟದ ರಿಕ್ಷಾದಣ್ಣ. ಅಕ್ಕ ಎಂದರೆ ನಾವು ಕಾಗದ ಜೋಡಿಸುತ್ತಿರುವ ಒಂದು ಮನೆಯ ತಾಯಿ. ಅಕ್ಕನ ಮನೆ ಸ್ವರ್ಗದಿಂದ ಸ್ವಲ್ಪ ಒಳಗೆ. (ಊರಿನ ಹೆಸರಿನ ಬಗ್ಗೆ ಜೋಕು ಬೇಡ, ಎಲ್ಲರೂ ಮಾಡಿ ಆಗಿದೆ.) ದಾರಿಯಲ್ಲಿ ತೋಡು ತುಂಬಿ ಕೆಂಪಗೆ ಹರಿಯುತ್ತಿತ್ತು. ರಿಕ್ಷಾದಣ್ಣ ನಿಧಾನ ಮಾಡಿ ಗುಡ್ಡದ ಕಡೆ ಕೈ ತೋರಿಸಿದರು. ಅಲ್ಲಿ ಸರಕಾರಿ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟ. ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಮದ್ದು ಬಿಟ್ಟದ್ದು ಅಲ್ಲಿಗೆ. ಗೇರಿನ ಚಿಗುರಿನ ರಸ ಹೀರುವ ಟೀ ಸೊಳ್ಳೆ ಎಂಬ ಕೀಟವನ್ನು ಕೊಲ್ಲಲು. ಆಗ ರಿಕ್ಷಾದಣ್ಣ ಸಣ್ಣ ಹುಡುಗ. ಹೆಲಿಕಾಪ್ಟರ್ ಬಂತು ಎಂದರೆ ಮಕ್ಕಳೆಲ್ಲ ನೋಡಲು ಹೊರಗೆ ಓಡುತ್ತಿದ್ದರಂತೆ. ಬಾವಿ ಮುಚ್ಚಿ ಎಂದು ಹೇಳಿ ಹೋಗುತ್ತಿದ್ದರಂತೆ.

"ಬಾವಿಯಾದ್ರೆ ಮುಚ್ಚಬಹುದು. ನಮ್ಮದು ಗುಡ್ಡ ಕೊರೆದ ಸುರಂಗದ ನೀರು. ಅದು ಹರಿದು ಬಂದು ಬೀಳುವ ಹೊಂಡಕ್ಕೆ ಮುಚ್ಚಳ ಎಲ್ಲಿಂದ ತರುವುದು?"

ಅಕ್ಕನ ಮಗನಿಗೆ 24. ಒಳಗಿನ ಕೋಣೆಯಲ್ಲಿ ಚಾಪೆಯ ಮೇಲೆ ಮಲಗಿದ್ದ. ರಿಕ್ಷಾದಣ್ಣನ ದನಿ ಕೇಳಿದ ಕೂಡಲೇ ನಕ್ಕ. ನನ್ನನ್ನು ಕಂಡರೆ ನಗುವುದಿಲ್ಲ, ನಾನು ಕಾಗದದವಳು.

ಕಾಗದಗಳು ಇರುವುದು ಒಲೆಯ ಮೇಲಿನ ಅಟ್ಟದಲ್ಲಿ, ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಚೀಲದಲ್ಲಿ. ಮಳೆಗಾಲದಲ್ಲಿ ಮನೆಯೊಳಗೆ ಒಣಗಿದ ಜಾಗ ಎಂದರೆ ಅದೊಂದೇ. ಹಾಗಾಗಿ ಎಲ್ಲದಕ್ಕೂ ಹೊಗೆಯ ವಾಸನೆ, ಚಾದ ಬಣ್ಣ. ಮೊಬೈಲಿನ ಸ್ಕ್ಯಾನ್ ಆ್ಯಪ್ ಅಂಥ ಕಾಗದವನ್ನು ಪೂರ್ತಿ ಕಪ್ಪು ಮಾಡಿಬಿಡುತ್ತದೆ, ಅಕ್ಷರವೇ ಕಾಣುವುದಿಲ್ಲ. ಅದಕ್ಕೆ ಬಾಗಿಲ ಬಳಿ ಹಿಡಿದು, ಮಾಮೂಲಿ ಕ್ಯಾಮರಾದಲ್ಲಿ ತೆಗೆಯಬೇಕು. ರಿಕ್ಷಾದಣ್ಣ ಕೊಡೆ ಹಿಡಿದರು. ಮಂಗಳೂರಿನ ಆಸ್ಪತ್ರೆಯ ಚೀಟಿಗಳು, ಬಾಧಿತರನ್ನು ಗುರುತಿಸುವ 2017ರ ವೈದ್ಯಕೀಯ ಕ್ಯಾಂಪಿನ ಟೋಕನ್, ಮಡಚಿದಲ್ಲೆಲ್ಲ ಹರಿದ ಒಂದು ಸರ್ಟಿಫಿಕೇಟ್. 43 ಫೋಟೋ. ಸ್ಕ್ಯಾನರ್ ಬಂದರೆ ಇದೆಲ್ಲ ಸುಲಭ ಎಂದುಕೊಂಡಿದ್ದೆ. ಈ ಗುಡ್ಡಕ್ಕೆ ಸ್ಕ್ಯಾನರ್ ಹೊತ್ತು ತರುವವರು ಯಾರು ಎಂದು ಇವತ್ತು ಹೊಳೆಯಿತು.

ಆ ಟೋಕನ್ನಿನ ಕತೆ ಹೀಗೆ. 2017ರ ಕ್ಯಾಂಪಿನ ನಂತರ ಬಾಧಿತರೆಂದು ಮೊದಲು ಪಟ್ಟಿ ಮಾಡಿದ್ದು 1905 ಜನರದ್ದು. ಅದನ್ನು ಇಳಿಸಿ 287 ಮಾಡಿದರು. ಗಲಾಟೆ ಆಯಿತು, 76 ಸೇರಿಸಿದರು. ತಾಯಂದಿರು ಹೋಗಿ ಧರಣಿ ಕೂತರು, ಇನ್ನೂ 511 ಸೇರಿತು. ಕೂಡಿಸಿ ಕಳೆದರೆ ಪಟ್ಟಿಯ ಹೊರಗೆ ಉಳಿಯುವುದು 1031. ಅಕ್ಕನ ಮಗ ಆ ಉಳಿಕೆಯಲ್ಲಿದ್ದಾನೆ.

ಒಮ್ಮೆ ಅಕ್ಕ ಒಂದು ಆಫೀಸಿಗೆ ಹೋಗಿ "ನನ್ನ ಮಗ ಪಟ್ಟಿಯಲ್ಲಿ ಇಲ್ಲ" ಎಂದರಂತೆ. ಅಲ್ಲಿದ್ದವರು ತೆಂಕಣವರು, ಕನ್ನಡ ಬಾರದವರು. ಮಲಯಾಳದಲ್ಲಿ ಪಟ್ಟಿ ಎಂದರೆ ನಾಯಿ. ಅವರು ಬೆಚ್ಚಿಬಿದ್ದು, ನಾಯಿ ಕಚ್ಚಿತಾ, ಇಂಜೆಕ್ಷನ್ ಕೊಟ್ಟಾಯಿತಾ ಎಂದು ಕೇಳಿದರಂತೆ. ಅಕ್ಕ ಈಗ ಇದನ್ನು ನಗುತ್ತಾ ಹೇಳುತ್ತಾರೆ. ಆ ದಿನ ಬಸ್ಸಿನಲ್ಲಿ ಪೆರ್ಲದವರೆಗೂ ಅಳುತ್ತಾ ಬಂದದ್ದನ್ನು ಹೇಳಿದವರು ರಿಕ್ಷಾದಣ್ಣ.

ಚಾ ಕುಡಿಯುತ್ತಾ ವಿಷಯ ತೆಗೆದೆ. "ಅಕ್ಕ, ಸಂಘಕ್ಕೆ ನಿಮ್ಮ ಹೆಸರು ಹಾಕುವುದಾ?"

ಅವರು ಲೋಟ ಕೆಳಗಿಟ್ಟರು. "ಅದೂ ಒಂದು ಪಟ್ಟಿಯಾ?"

"ಹೌದು."

"ಅದರಲ್ಲಿ ನಾನು ಇದ್ದರೆ ಇವನನ್ನು ಇದಕ್ಕೆ ಸೇರಿಸುವುದಿಲ್ಲ ಅಂತ ಆದರೆ?"

ಹಾಗೇನೂ ಇಲ್ಲ ಎಂದು ಹೇಳಲು ಬಾಯಿ ತೆರೆದೆ. ಆದರೆ ಕಾಗದದ ವಿಷಯದಲ್ಲಿ ಅಕ್ಕನ ಅನುಭವ ನನಗಿಂತ ಜಾಸ್ತಿ. ವಕೀಲಿ ಹುಡುಗಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದೆ. ಅವಳು ಹತ್ತು ನಿಮಿಷ ನಿಧಾನವಾಗಿ ವಿವರಿಸಿದಳು. ಅಕ್ಕ ಎರಡು ಸಲ ಅದೇ ಪ್ರಶ್ನೆ ಕೇಳಿದರು. ಆಮೇಲೆ ಒಳಗೆ ಹೋಗಿ ಆಧಾರ್ ಕಾರ್ಡ್ ತಂದರು.

ಹೆಸರು, ವಿಳಾಸ ಬರೆದೆ. ಉದ್ಯೋಗ? ಮೊದಲು ಬೀಡಿ ಕಟ್ಟುತ್ತಿದ್ದರು. ಮಗನನ್ನು ಎತ್ತಿ, ತಿರುಗಿಸಿ ಮಲಗಿಸಿ ಕೈ ನೋವು ಶುರುವಾದ ಮೇಲೆ ಬಿಟ್ಟರು. "ಏನಿಲ್ಲ ಅಂತ ಬರೀರಿ" ಎಂದರು. ಏನಿಲ್ಲ ಎಂದು ಬರೆಯಲು ನನ್ನ ಕೈ ಬರಲಿಲ್ಲ. ಪೆನ್ಸಿಲಿನಲ್ಲಿ ಒಂದು ಚುಕ್ಕಿ ಇಟ್ಟು ಬಿಟ್ಟಿದ್ದೇನೆ. ಮಾಷ್ಟ್ರನ್ನು ಕೇಳಬೇಕು.

ಬರುವಾಗ ಸುಮ್ನೆ ಯೋಚಿಸುತ್ತಿದ್ದೆ. ಪಡ್ರೆ ಊರಿನಲ್ಲಿ ಕಾಲು ಸೊಟ್ಟಗಿನ ಕರುಗಳನ್ನು ಕಂಡು ಪತ್ರಕರ್ತ ಶ್ರೀ ಪಡ್ರೆಯವರು ಬರೆದಾಗ ಅವರ ಹಿಂದೆ ಯಾವ ರಿಜಿಸ್ಟ್ರೇಶನ್ ನಂಬರೂ ಇರಲಿಲ್ಲ. ಡಾ. ಮೋಹನ ಕುಮಾರ್ ವಾಣಿನಗರದ ತನ್ನ ಕ್ಲಿನಿಕ್ಕಿನಲ್ಲಿ ಕೂತೇ, ಒಂದೇ ಊರಿನಿಂದ ಇಷ್ಟು ಕಾಯಿಲೆಯವರು ಯಾಕೆ ಬರುತ್ತಾರೆ ಎಂದು ಲೆಕ್ಕ ಇಡತೊಡಗಿದರು. ಲೀಲಾಕುಮಾರಿ ಅಮ್ಮ ಕೃಷಿ ಇಲಾಖೆಯ ನೌಕರರು. ಮನೆ ಗೇರು ತೋಟದ ಹತ್ತಿರ. 1998ರಲ್ಲಿ ನಮ್ಮ ಜಿಲ್ಲೆಯ ಹೊಸದುರ್ಗದ ಮುನ್ಸಿಫ್ ಕೋರ್ಟಿಗೆ ಹೋಗಿ ಹೆಲಿಕಾಪ್ಟರಿಗೆ ತಡೆ ತಂದರು. ಸರಕಾರಿ ಕೆಲಸದಲ್ಲಿ ಇದ್ದುಕೊಂಡೇ! ನಮ್ಮ ನರ್ಸಿಗೆ ಇದನ್ನು ಹೇಳಲಾ ಎಂದು ಒಂದು ಕ್ಷಣ ಅನಿಸಿತು. ಬೇಡ. ಅವರಿಗೂ ಮನೆ ಸಾಲ ಉಂಟು, ನನಗೂ ಅಷ್ಟು ಧೈರ್ಯ ಇಲ್ಲ.

ಪೆರ್ಲ ಪೇಟೆಯಲ್ಲಿ ಇಳಿಯುವಾಗ ರಿಕ್ಷಾದಣ್ಣನನ್ನು ಕೇಳಿದೆ. "ಅಣ್ಣ, ಇನ್ನೊಂದು ಹೆಸರು ಬೇಕು."

"ನನ್ನ ಹೆಸರು ಯಾಕೆ? ರಿಕ್ಷಾದ ನಂಬರ್ ಬರೀರಿ, ಎಲ್ಲರಿಗೂ ಅದೇ ಗೊತ್ತು." ನಗುತ್ತಾ ಹೋದರು. ಬಾಡಿಗೆ ತೆಗೆದುಕೊಳ್ಳಲಿಲ್ಲ. ಡೀಸೆಲ್ಲಿಗೆ ಎಂದು 200 ರೂಪಾಯಿ ಸೀಟಿನಲ್ಲಿ ಇಟ್ಟು ಬಂದೆ. ನೋಟ್‌ಬುಕ್ಕಿನಲ್ಲಿ ಬರೆದೆ.

ರಾತ್ರಿ 10.20ಕ್ಕೆ ಮೊಬೈಲ್ ಟಿಂಗ್ ಎಂದಿತು. "ಪೆರ್ಲ ರಿಕ್ಷಾ" ಎಂದು ಸೇವ್ ಮಾಡಿದ ನಂಬರಿನಿಂದ ಆಧಾರ್ ಕಾರ್ಡಿನ ಫೋಟೋ, ತಲೆಕೆಳಗಾಗಿ. ಮೊಬೈಲ್ ತಿರುಗಿಸಿ ಓದಿದೆ. ಅಪ್ಪನ ಹೆಸರು, ಮನೆತನದ ಹೆಸರು ಸೇರಿ ಸಾಲು ಉದ್ದ ಇದೆ. ಮೂರು ವರ್ಷದಲ್ಲಿ ಈ ಹೆಸರು ನಾನು ಕೇಳಿಯೇ ಇರಲಿಲ್ಲ.

ಫಾರ್ಮಿನ ಏಳನೇ ಸಾಲು ತುಂಬಿದೆ. ನಾಳೆ ಜೆರಾಕ್ಸ್ ಅಂಗಡಿ ತೆರೆಯುವುದು ಒಂಬತ್ತಕ್ಕೆ. ಕರೆಂಟ್ ಇದ್ದರೆ.