ಬೈದಿದ್ರೆ ಮರೀತಿದ್ದ

"ಇಷ್ಟಕ್ಕಾ ಮಾವ? ಬರೀ ಇಷ್ಟಕ್ಕಾ?"

ಅಕ್ಕನ ಮಗ ಕೊನೆಯ ಸಂಪುಟವನ್ನು ಊಟದ ಟೇಬಲ್ ಮೇಲೆ ಕುಕ್ಕಿದ ರಭಸಕ್ಕೆ ಅಕ್ಕ ನಾರು ತೆಗೆದಿಟ್ಟಿದ್ದ ಹುರುಳಿಕಾಯಿ ನಾಲ್ಕು ಕೆಳಗೆ ಬಿದ್ದವು. ದುಡ್ಡು ಕೊಟ್ಟು ಮೋಸ ಹೋದವನ ಸಿಟ್ಟು ಅವನ ಮುಖದಲ್ಲಿ. ಪುಸ್ತಕ ಅವನದೂ ಅಲ್ಲ, ಹಾಸ್ಟೆಲ್ ಗೆಳೆಯನದು.

‘ಓಲ್ಡ್ ಬಾಯ್’ ಕೊರಿಯನ್ ಸಿನಿಮಾ ನೋಡಿದವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಅದರ ಮೂಲ ಜಪಾನಿನ ಮಾಂಗಾ, ಅಂದರೆ ಅಲ್ಲಿನ ಕಾಮಿಕ್ಸ್, ಅಂತ ಗೊತ್ತಿರುವವರು ಕಡಿಮೆ. ಗಾರೋನ್ ತ್ಸುಚಿಯಾ ಕಥೆ, ನೊಬುಆಕಿ ಮಿನೆಗಿಶಿ ಚಿತ್ರ. 1996ರಿಂದ 1998ರವರೆಗೆ ಜಪಾನಿನ ಒಂದು ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ಒಟ್ಟು 8 ಸಂಪುಟ. ಇಂಗ್ಲಿಷಿಗೆ ಬಂದದ್ದು ಸಿನಿಮಾ ಹೆಸರು ಮಾಡಿದ ಮೇಲೆ. 2007ರಲ್ಲಿ ಅದಕ್ಕೆ ಅಮೆರಿಕದಲ್ಲಿ ಕಾಮಿಕ್ಸಿಗೆ ಕೊಡುವ ಐಸ್ನರ್ ಪ್ರಶಸ್ತಿಯೂ ಬಂತು.

ನಮ್ಮ ಹುಡುಗ ಸಿನಿಮಾದ ಭಕ್ತ. ಪರೀಕ್ಷೆ ಮುಗಿಸಿಕೊಂಡು ಮನೆಗೆ ಬಂದವನೇ ನನ್ನನ್ನೂ ಕೂರಿಸಿ ತೋರಿಸಿದ. ತೋರಿಸಿದ ಅನ್ನುವುದಕ್ಕಿಂತ ಪಾಠ ಮಾಡಿದ. ನಿರ್ದೇಶಕ ಪಾರ್ಕ್ ಚಾನ್‌ವುಕ್, ಬಿಡುಗಡೆ 2003, ಮರುವರ್ಷ ಕಾನ್ ಚಿತ್ರೋತ್ಸವದಲ್ಲಿ ಗ್ರಾಂಡ್ ಪ್ರಿ ಪ್ರಶಸ್ತಿ, ಆಗ ತೀರ್ಪುಗಾರರ ಮುಖ್ಯಸ್ಥ ಹಾಲಿವುಡ್ ನಿರ್ದೇಶಕ ಟ್ಯಾರಂಟಿನೊ. ನಾಯಕ ಜೀವಂತ ಆಕ್ಟೋಪಸ್ ತಿನ್ನುವ ದೃಶ್ಯ ಬಂದಾಗ ನಾನು ಮುಖ ತಿರುಗಿಸಿದೆ. "ನಿಜವಾದ್ದೇ ಮಾವ, ಚೋಯ್ ಮಿನ್‌ಸಿಕ್ ಬೌದ್ಧ, ಪ್ರಾರ್ಥನೆ ಮಾಡಿ ತಿಂದ" ಅಂತ ಕಿವಿಯ ಹತ್ತಿರ ಬಂದು ಹೇಳಿದ. ಈ ಹುಡುಗರಿಗೆ ಸಿನಿಮಾಕ್ಕಿಂತ ಸಿನಿಮಾದ ಸುತ್ತಲಿನ ಸುದ್ದಿಯೇ ಜಾಸ್ತಿ ಗೊತ್ತು. ಸುಮ್ನೆ ನೋಡಲು ಬಿಡುವುದಿಲ್ಲ.

ಒಂದು ಮಾತು ಒಪ್ಪಬೇಕು. ಆ ಕಾರಿಡಾರ್ ಹೊಡೆದಾಟ ಅದ್ಭುತ. ಕೈಯಲ್ಲಿ ಸುತ್ತಿಗೆ ಹಿಡಿದ ಒಬ್ಬ, ಎದುರು ಒಂದು ಗುಂಪು. ಕ್ಯಾಮೆರಾ ಪಕ್ಕದಿಂದ ನೋಡುತ್ತಾ ಸುಮ್ಮನೆ ಜೊತೆಗೆ ಸರಿಯುತ್ತದೆ, ನಡುವೆ ಒಂದೂ ಕಟ್ ಇಲ್ಲ. ಮೂರು ದಿನ ಹಿಡಿದು, 17ನೇ ಟೇಕಿಗೆ ಸರಿಹೋಯಿತಂತೆ. ನನಗೆ ಹಿಡಿಸಿದ್ದು ಹೊಡೆತ ಅಲ್ಲ, ಸುಸ್ತು. ಮಧ್ಯದಲ್ಲಿ ಎಲ್ಲರೂ ಏದುಸಿರು ಬಿಡುತ್ತಾ ನಿಲ್ಲುತ್ತಾರೆ. ಹೊಡೆಯುವವನಿಗೂ ಕೈ ಎತ್ತಲು ಆಗುವುದಿಲ್ಲ, ಹೊಡೆಸಿಕೊಳ್ಳುವವರಿಗೂ ಮುಂದೆ ಬರಲು ಮನಸ್ಸಿಲ್ಲ. ನಮ್ಮ ಹೀರೋಗಳಿಗೆ ಉಸಿರೇ ಕಟ್ಟುವುದಿಲ್ಲ, ಅಲ್ವಾ?

ಇಷ್ಟೆಲ್ಲಾ ರಕ್ತ ನೋಡಿದ ಮೇಲೆ ಮೂಲದಲ್ಲಿ ಇನ್ನೂ ಎಷ್ಟಿರಬೇಡ ಅಂತ ಅವನ ಲೆಕ್ಕ. ಆಸೆಯಿಂದ ಎಂಟೂ ಸಂಪುಟ ಹೊತ್ತು ತಂದಿದ್ದ. ಓದುತ್ತಾ ಓದುತ್ತಾ ಮುಖ ಸಣ್ಣದಾಗುತ್ತಾ ಬಂತು. ಅಲ್ಲಿ ಆಕ್ಟೋಪಸ್ ಇಲ್ಲ. ನಾಲಿಗೆ ಕತ್ತರಿಸಿಕೊಳ್ಳುವುದಿಲ್ಲ. ಹೊಡೆದಾಟ ಇದೆ, ಆದರೆ ಪುಟಗಟ್ಟಲೆ ಟೋಕಿಯೋದ ರಾತ್ರಿಗಳೂ ಇವೆ. ಬೀದಿ ದೀಪ, ಸಣ್ಣ ಬಾರುಗಳು, ಒಬ್ಬನೇ ನಡೆಯುವ ಮನುಷ್ಯ. ಗೋತೊ ಅಂತ ಅವನ ಹೆಸರು. ಯಾರೋ ಅವನನ್ನು ಹಿಡಿದು ಖಾಸಗಿ ಜೈಲಿನಲ್ಲಿ 10 ವರ್ಷ ಕೂಡಿಹಾಕಿ, ಒಂದು ದಿನ ಬಿಟ್ಟುಬಿಡುತ್ತಾರೆ. ಲಿಫ್ಟಿನ ಗುಂಡಿಗಳಲ್ಲಿ ಲೆಕ್ಕಕ್ಕೇ ಸಿಗದ, ಏಳಕ್ಕೂ ಎಂಟಕ್ಕೂ ನಡುವಿನ ಏಳೂವರೆ ಮಹಡಿ ಆ ಜೈಲು. ಯಾಕೆ ಅಂತ ಯಾರೂ ಹೇಳಿಲ್ಲ. ಆ ‘ಯಾಕೆ’ಗಾಗಿ ಎಂಟು ಸಂಪುಟ.

ಮುಂದೆ ಕಥೆ ಪೂರ್ತಿ ಬಿಚ್ಚಿಡುತ್ತಿದ್ದೇನೆ. ಓದುವ ಆಸೆ ಇರುವವರು ಇಲ್ಲೇ ನಿಲ್ಲಿಸಿ.

ಕಾರಣ ಇದು. ಪ್ರೈಮರಿ ಶಾಲೆಯಲ್ಲಿ ಒಬ್ಬ ಹುಡುಗನಿದ್ದ, ಕಾಕಿನುಮಾ. ಯಾರ ಜೊತೆಗೂ ಸೇರದವನು. ಸಂಗೀತದ ಕ್ಲಾಸಿನಲ್ಲಿ ಅವನೊಬ್ಬನೇ ನಿಂತು ಹಾಡಬೇಕಾಗಿ ಬಂತು. ಹಾಡಿದ. ಅದನ್ನು ಕೇಳಿ ಗೋತೊನ ಕಣ್ಣಲ್ಲಿ ನೀರು ಬಂತು. ಅಷ್ಟೇ. ತನ್ನೊಳಗಿನ ಒಂಟಿತನವನ್ನು ಇನ್ನೊಬ್ಬ ನೋಡಿಬಿಟ್ಟ ಅನ್ನುವುದನ್ನು ಆ ಹುಡುಗನಿಗೆ ತಡೆದುಕೊಳ್ಳಲು ಆಗಲಿಲ್ಲ. ದೊಡ್ಡವನಾಗಿ, ಕೋಟ್ಯಧಿಪತಿಯಾಗಿ, ಆ ಕಣ್ಣೀರಿಗೆ ಬಡ್ಡಿ ಸಮೇತ ತೀರಿಸಿದ. ಗೋತೊಗೆ ಆ ಘಟನೆ ನೆನಪೇ ಇಲ್ಲ.

"ಹಾಡು ಕೇಳಿ ಅತ್ತಿದ್ದಕ್ಕೆ 10 ವರ್ಷ ಕೂಡಿಹಾಕಿದ್ನಾ? ಇದೂ ಒಂದು ಕಾರಣನಾ?" ಅಂತ ಹುಡುಗ ಇನ್ನೊಮ್ಮೆ ಕೇಳಿದ. ಅಕ್ಕ ತಲೆ ಎತ್ತಲಿಲ್ಲ. "ಏನೋ ಅದು, ಸರಿಯಾಗಿ ಹೇಳು" ಅಂದಳು. ಅವನು ಪೂರ್ತಿ ಹೇಳಿದ. ಅಕ್ಕನಿಗೆ ಮಾಂಗಾ ಅಂದರೆ ಏನು ಅಂತ ಗೊತ್ತಿಲ್ಲ. ‘ದೊಡ್ಡೋನು ಬೊಂಬೆ ಪುಸ್ತಕ ಓದ್ತಾನೆ’ ಅಂತ ಅವಳಿಗೆ ಒಳಗೊಳಗೇ ಬೇಜಾರು. ಆದರೂ ಕಥೆ ಪೂರ್ತಿ ಕೇಳಿದಳು. ಕೇಳಿ, ಒಂದು ಕಾಯಿಯ ತುದಿ ಮುರಿದು, ನಾರನ್ನು ಕೊನೆಯವರೆಗೂ ಎಳೆದು, ಪಕ್ಕಕ್ಕೆ ಇಟ್ಟಳು.

"ಅವನು ಅತ್ತಿದ್ದೇ ತಪ್ಪಾಯ್ತು. ಬೈದಿದ್ರೆ ಮರೀತಿದ್ದ ಬಿಡು."

ಹುಡುಗ ನಕ್ಕ. ನನಗೆ ನಗು ಬರಲಿಲ್ಲ. ನಾಲ್ಕು ದಿನದಿಂದ ಆಫೀಸಿನಲ್ಲಿ, ಬಸ್ಸಿನಲ್ಲಿ, ಹಲ್ಲುಜ್ಜುವಾಗಲೂ ಇದೇ ಮಾತು ತಲೆಯಲ್ಲಿ ಓಡುತ್ತಿದೆ. ಬೈದಿದ್ರೆ ಮರೀತಿದ್ದ. ಇಷ್ಟು ಜನ ನಿರ್ದೇಶಕರು ಇಷ್ಟು ದುಡ್ಡು ಹಾಕಿ ನಂಬಲಾಗದೇ ಹೋದ ಕಾರಣವನ್ನು ಅಕ್ಕ ಕೈಯಲ್ಲಿ ತರಕಾರಿ ಹಿಡಿದುಕೊಂಡೇ ನಂಬಿಬಿಟ್ಟಳು.

ನಂಬಲಿಲ್ಲ ಅನ್ನುವುದಕ್ಕೆ ಸಿನಿಮಾಗಳೇ ಸಾಕ್ಷಿ. ಮಾಂಗಾದ 10 ವರ್ಷ ಪಾರ್ಕ್ ಕೈಯಲ್ಲಿ 15 ಆಯಿತು. 2006ರಲ್ಲಿ ಹಿಂದಿಯಲ್ಲಿ ಸಂಜಯ್ ಗುಪ್ತಾ ‘ಜಿಂದಾ’ ಮಾಡಿದರು. ಕೊರಿಯನ್ ಸಿನಿಮಾದಿಂದ ಎತ್ತಿದ್ದು ಅಂತ ನೋಡಿದವರಿಗೆಲ್ಲಾ ಗೊತ್ತಾಗುತ್ತದೆ, ಸುತ್ತಿಗೆಯನ್ನೂ ಬಿಟ್ಟಿಲ್ಲ. ಬ್ಯಾಂಕಾಕ್‌ನಲ್ಲಿ ಸಂಜಯ್ ದತ್‌ಗೆ 14 ವರ್ಷ. 2013ರಲ್ಲಿ ಹಾಲಿವುಡ್‌ನಲ್ಲಿ ಸ್ಪೈಕ್ ಲೀ ಮಾಡಿದಾಗ ಜೋಶ್ ಬ್ರೋಲಿನ್‌ಗೆ 20 ವರ್ಷ. ಆ ಸಿನಿಮಾ ಓಡಲಿಲ್ಲ.

ವರ್ಷಗಳ ಜೊತೆ ಕಾರಣವೂ ಊದಿಕೊಂಡಿತು. ಪಾರ್ಕ್ ಸಿನಿಮಾದಲ್ಲಿ ಕಣ್ಣೀರಿನ ಜಾಗಕ್ಕೆ ಅಕ್ಕತಮ್ಮನ ಗುಟ್ಟಿನ ಸಂಬಂಧ ಬಂತು, ಶಾಲೆಯಲ್ಲಿ ಹಬ್ಬಿದ ಗಾಳಿಮಾತು ಬಂತು, ಒಂದು ಹೆಣ್ಣಿನ ಸಾವು ಬಂತು. ಅದಕ್ಕೆ ಕೊಡುವ ಶಿಕ್ಷೆ ಹೇಳಲೂ ಬಾರದಷ್ಟು ಘೋರ. ಹಿಂದಿಯವರಿಗೆ ಆ ಸಂಬಂಧ ಮುಟ್ಟುವ ಧೈರ್ಯ ಇರಲಿಲ್ಲ, ಗಾಳಿಮಾತು ಮತ್ತು ಸಾವನ್ನು ಮಾತ್ರ ಇಟ್ಟುಕೊಂಡರು. ಅಮೆರಿಕದವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಒಂದು ಇಡೀ ಕುಟುಂಬವನ್ನೇ ಮುಗಿಸಿದರು. ಹರಾಜು ಕೂಗಿದ ಹಾಗೆ.

ಪಾರ್ಕ್ ತಪ್ಪು ಮಾಡಿದ ಅಂತ ನಾನು ಹೇಳುತ್ತಿಲ್ಲ. ಎರಡು ಗಂಟೆ ಸುತ್ತಿಗೆ ಹಿಡಿದು ಓಡಾಡಿಸಿ, ಕೊನೆಗೆ ‘ಹಾಡು ಕೇಳಿ ಅತ್ತೆಯಲ್ಲ, ಅದಕ್ಕೆ’ ಅಂದರೆ ಜನ ಕುರ್ಚಿ ಮುರಿಯುತ್ತಾರೆ. ಎಂಟು ಸಂಪುಟದ ನಿಧಾನದಲ್ಲಿ ನಿಲ್ಲುವ ಕಾರಣ ಎರಡು ಗಂಟೆಯಲ್ಲಿ ನಿಲ್ಲುವುದಿಲ್ಲ. ಸಿನಿಮಾವಾಗಿ ಅವನು ಮಾಡಿದ್ದೇ ಸರಿ. ಆದರೆ ಅವನ ಖಳನಾಯಕನನ್ನು ನೋಡಿ ನನಗೆ ಭಯ ಆಗಲಿಲ್ಲ, ಅಯ್ಯೋ ಅನ್ನಿಸಿತು. ಅಷ್ಟು ಕಳೆದುಕೊಂಡವನು ಹಾಗಾಗುವುದು ಸಹಜ ಅಂತ ನಮಗೆ ಅರ್ಥ ಆಗಿಬಿಡುತ್ತದೆ. ಕಾಕಿನುಮಾ ಹಾಗಲ್ಲ. ಅವನು ಏನನ್ನೂ ಕಳೆದುಕೊಂಡಿಲ್ಲ. ಅವನನ್ನು ಒಬ್ಬರು ನೋಡಿದರು, ಅಷ್ಟೇ. ಹಾಗೆ ನೋಡುವುದಾದರೆ ನಾವೆಲ್ಲರೂ ಯಾರನ್ನೋ ಎಲ್ಲೋ ನೋಡಿರುತ್ತೇವೆ, ನೋಡಿ ಮರೆತಿರುತ್ತೇವೆ.

ನಮ್ಮ ಪೇಪರಿನಲ್ಲಿ ‘ಗುರಾಯಿಸಿದ್ದಕ್ಕೆ ಚಾಕು ಇರಿತ’ ಅಂತ ಆಗಾಗ ಬರುತ್ತದಲ್ಲ, ಅದನ್ನು ನಾನು ಯಾವತ್ತೂ ಪೂರ್ತಿ ಓದಿದವನಲ್ಲ. ಟೀ ಅಂಗಡಿ ಮುಂದೆ ಒಬ್ಬ ಇನ್ನೊಬ್ಬನನ್ನು ನೋಡಿದ, ‘ಏನೋ ಗುರಾಯಿಸ್ತೀಯಾ’ ಅಂತ ಶುರುವಾಯಿತು, ಒಬ್ಬ ಆಸ್ಪತ್ರೆಗೆ, ಒಬ್ಬ ಸ್ಟೇಷನ್ನಿಗೆ. ವರದಿಗಾರರು ‘ಕ್ಷುಲ್ಲಕ ಕಾರಣಕ್ಕೆ’ ಅಂತ ಬರೆದು ಮುಗಿಸುತ್ತಾರೆ. ಅವರು ತಾನೇ ಏನು ಮಾಡಿಯಾರು, ಐದು ಸಾಲಿನ ಜಾಗ. ಆದರೆ ಚಾಕು ತೆಗೆದವನಿಗೆ ಆ ಕ್ಷಣದಲ್ಲಿ ಅದು ಕ್ಷುಲ್ಲಕ ಆಗಿರಲಿಲ್ಲವಲ್ಲ. ಎದುರಿನವನ ಕಣ್ಣಲ್ಲಿ ಅವನು ತನ್ನನ್ನೇ ಏನಾಗಿ ಕಂಡನೋ. ಅದನ್ನು ಯಾವ ಎಫ್‌ಐಆರ್‌ನಲ್ಲೂ ಬರೆಯಲು ಕಾಲಂ ಇಲ್ಲ.

ಗುರಾಯಿಸುವುದರಲ್ಲಾದರೂ ಒಂದು ಸವಾಲು ಇದೆ. ಕನಿಕರ ಅದಕ್ಕಿಂತ ಕೆಟ್ಟದ್ದು. ನಮ್ಮ ಹೈಸ್ಕೂಲಿನಲ್ಲಿ ಒಬ್ಬ ಗಣಿತದ ಮೇಷ್ಟ್ರು ಗೆಣ್ಣಿನ ಮೇಲೆ ಸ್ಕೇಲಿನಲ್ಲಿ ಹೊಡೆಯುತ್ತಿದ್ದರು. ಈಗಲೂ ಎಲ್ಲಾದರೂ ಸಿಕ್ಕರೆ ನಿಂತು ಮಾತಾಡಿಸುತ್ತೇನೆ, ಕಾಫಿಗೂ ಕರೆಯುತ್ತೇನೆ. ಇನ್ನೊಬ್ಬರು ಬಹಳ ಒಳ್ಳೆಯವರು. ಅಪ್ಪನಿಗೆ ಕೆಲಸ ಇಲ್ಲದ ವರ್ಷ ನನ್ನ ಪ್ರವಾಸದ ದುಡ್ಡನ್ನು ತಾವೇ ಕಟ್ಟಿ, ಕ್ಲಾಸಿನ ಮುಂದೆ ತಲೆ ಸವರಿ, ಕಣ್ಣು ಒದ್ದೆ ಮಾಡಿಕೊಂಡರು. ಅವರು ಎದುರು ಬಂದರೆ ನನ್ನ ಕಾಲು ತಾನಾಗಿ ರಸ್ತೆಯ ಆಚೆ ಬದಿಗೆ ಹೋಗುತ್ತದೆ.

ಅಕ್ಕನಿಗೆ ಮಾತ್ರ ಇದು ಅಷ್ಟು ಬೇಗ ಹೇಗೆ ಹೊಳೆಯಿತು ಅಂತ ಮೊದಲು ಆಶ್ಚರ್ಯ ಆಯಿತು. ಆಮೇಲೆ ಭಾವ ನೆನಪಾದರು. ಭಾವ ತಮ್ಮ ತಮ್ಮನ ಜೊತೆ ಮಾತು ಬಿಟ್ಟು ವರ್ಷಗಳೇ ಆದವು. ಆಸ್ತಿ ವಿಷಯ ಅಂತ ಊರವರು ಅಂದುಕೊಂಡಿದ್ದಾರೆ. ಮಕ್ಕಳಿಗೂ ಹಾಗೇ ಹೇಳಿದ್ದಾರೆ. ಅಂಥದ್ದೇನೂ ಅಲ್ಲ, ಆಸ್ತಿ ಸಲೀಸಾಗಿ ಪಾಲಾಯಿತು. ಅವರ ತಂಗಿಯ ಮದುವೆ ಮಾತುಕತೆ ದಿನ, ಬೀಗರೆಲ್ಲ ಕೂತಿರುವಾಗ, ತಮ್ಮ ಒಂದು ಮಾತು ಅಂದರು. "ಪಾಪ, ಅಣ್ಣನ್ನ ಬಿಟ್ಬಿಡಿ, ಖರ್ಚೆಲ್ಲಾ ನಾನೇ ನೋಡ್ಕೋತೀನಿ." ಪ್ರೀತಿಯಿಂದಲೇ ಅಂದರು, ನಾನು ಅಲ್ಲೇ ಇದ್ದೆ. ಭಾವ ಕೈಯಲ್ಲಿದ್ದ ಲೋಟ ಕೆಳಗಿಟ್ಟು ಎದ್ದು ಹೋದರು. ಆ ತಮ್ಮನಿಗೆ ಇವತ್ತಿಗೂ ತಾನು ಏನು ಮಾಡಿದೆ ಅಂತ ಗೊತ್ತಿಲ್ಲ. ಸಿಕ್ಕವರನ್ನೆಲ್ಲಾ ಕೇಳುತ್ತಾರೆ. ಗೋತೊ ಟೋಕಿಯೋ ಸುತ್ತಿದ ಹಾಗೆ ಈ ಮನುಷ್ಯ ನೆಂಟರ ಮನೆ ಮನೆ ಸುತ್ತಿ ತನ್ನ ತಪ್ಪು ಏನು ಅಂತ ವಿಚಾರಿಸಿದ್ದಾರೆ. ನನ್ನ ಹತ್ತಿರವೂ ಬಂದಿದ್ದರು. "ಬಿಡಿ, ಅವರ ಸ್ವಭಾವವೇ ಹಾಗೆ" ಅಂದು ಕಳಿಸಿದೆ. ಏನಂತ ಹೇಳಲಿ? ‘ಪಾಪ ಅಂದಿರಲ್ಲ, ಅದಕ್ಕೆ’ ಅನ್ನಲೇ?

ಭಾವ ಕೆಟ್ಟವರಲ್ಲ. ಸ್ವಲ್ಪ ಬಿಗಿ, ಅಷ್ಟೇ. ಅವರ ಕೈಯಲ್ಲಿ ಕಾಕಿನುಮಾನಷ್ಟು ದುಡ್ಡೂ ಇಲ್ಲ, ಕೂಡಿಹಾಕಲು ಏಳೂವರೆ ಮಹಡಿಯೂ ಇಲ್ಲ. ಮಾತು ಬಿಡುವುದು ಮಾತ್ರ ಕೈಲಾಗುತ್ತದೆ. ಅದೂ ಒಂದು ಸೆರೆಯೇ ಅಂತ ಬರೆಯಬಹುದಿತ್ತು, ಆದರೆ ಅಕ್ಕ ಓದಿದರೆ ‘ದೊಡ್ಡ ಮಾತು ಬೇಡ’ ಅನ್ನುತ್ತಾಳೆ. ನಿಜ ಹೇಳಬೇಕೆಂದರೆ ಒಳಗಿರುವವರು ಯಾರು, ಬೀಗ ಹಾಕಿದವರು ಯಾರು ಅಂತ ನನಗೇ ಸ್ಪಷ್ಟ ಇಲ್ಲ. ಕಾಕಿನುಮಾನೂ ಆ 10 ವರ್ಷ ಬೇರೇನೂ ಮಾಡಲಿಲ್ಲ, ಇನ್ನೊಬ್ಬನನ್ನು ಕಾಯುತ್ತಾ ಕೂತಿದ್ದ. ಕೊನೆಗೆ ಗೋತೊಗೆ ಹಳೆಯದು ನೆನಪಾದಾಗ, ಇವನಿಗೆ ಮುಂದೆ ಬದುಕಲು ಏನೂ ಉಳಿದಿರುವುದಿಲ್ಲ. ತನಗೇ ಗುಂಡು ಹೊಡೆದುಕೊಳ್ಳುತ್ತಾನೆ. ನಮ್ಮ ಹುಡುಗನಿಗೆ ಆ ಪುಟಗಳೂ ಬೋರು.

ಅವನನ್ನು ಒಪ್ಪಿಸಲು ನಾನು ಮತ್ತೆ ಪ್ರಯತ್ನ ಮಾಡಿದೆ. ಇಷ್ಟು ಸಣ್ಣ ಕಾರಣಕ್ಕೆ ಅಷ್ಟು ದೊಡ್ಡ ಸೇಡು ಅನ್ನುವುದೇ ಅದರ ಭಯ ಕಣೋ, ಅಂದೆ. "ಲಾಜಿಕ್ ಇಲ್ಲ ಮಾವ" ಅಂದ. ಇವನಿಗೆ ಕೊಲೆಗೂ ಲಾಜಿಕ್ ಬೇಕು. ಸರಿಯಾದ ಕಾರಣ ಕೊಟ್ಟರೆ ಎಷ್ಟು ರಕ್ತ ಬೇಕಾದರೂ ನೋಡುತ್ತಾನೆ, ಪಾಪ್‌ಕಾರ್ನ್ ತಿನ್ನುತ್ತಾ. ಕಾರಣ ಸಣ್ಣದಾದರೆ ಮಾತ್ರ ಹಿಂಸೆ ಅನ್ನಿಸುತ್ತದೆ. ಇವನೊಬ್ಬನೇ ಅಲ್ಲ, ನಾವೆಲ್ಲರೂ ಹಾಗೇ. ಅಕ್ಕನ ಸಾವು, ಮಗಳ ಮಾನ, ಅಪ್ಪನ ಕೊಲೆ ಅಂತ ಮೊದಲ ಹತ್ತು ನಿಮಿಷದಲ್ಲಿ ಒಂದು ಪರ್ಮಿಟ್ ಕೊಟ್ಟುಬಿಟ್ಟರೆ, ಆಮೇಲೆ ಎಷ್ಟು ತಲೆ ಉರುಳಿದರೂ ಶಿಳ್ಳೆ. ಈ ಮಾಂಗಾ ನನಗೆ ಆ ಪರ್ಮಿಟ್ ಕೊಡಲಿಲ್ಲ. ಅದಕ್ಕೇ ಇಷ್ಟ ಆಯಿತೋ ಏನೋ.

ನಿನ್ನೆ ಸಂಜೆ ಮಗನನ್ನು, ಅಕ್ಕನನ್ನು ಕರೆದುಕೊಂಡು ಹೋಗಲು ಭಾವ ಬಂದರು. ಕಾಫಿ ಆಗುವವರೆಗೆ ಅಲ್ಲಿದ್ದ ಕೊನೆಯ ಸಂಪುಟ ಕೈಗೆತ್ತಿಕೊಂಡು, ನಮ್ಮ ಪುಸ್ತಕದ ಹಾಗೆ ಎಡದಿಂದ ತೆರೆದರು. ಮಾಂಗಾ ಬಲದಿಂದ ಓದಬೇಕು. ಹಾಗಾಗಿ ಅವರಿಗೆ ಮೊದಲು ಸಿಕ್ಕಿದ್ದೇ ಕೊನೆಯ ಪುಟಗಳು. ಒಂದೆರಡು ತಿರುವಿ ಹಾಕಿದರು.

"ಏನಿದು, ಬರೀ ಹೊಡೆದಾಟನಾ?"

"ಇಲ್ಲ ಭಾವ, ಹೊಡೆದಾಟ ಕಡಿಮೆ."

"ಮತ್ತೆ ಇನ್ನೇನಿದೆ ಇದ್ರಲ್ಲಿ?"

ಹುಡುಗ ಉತ್ಸಾಹದಿಂದ ಬಾಯಿ ತೆರೆದ. ಅಕ್ಕ ಅಡುಗೆಮನೆ ಬಾಗಿಲಲ್ಲಿ ಕಾಫಿ ತಟ್ಟೆ ಹಿಡಿದು ನಿಂತಿದ್ದಳು. "ನೀನು ಮೊದಲು ಹೋಗಿ ಬ್ಯಾಗು ಕಟ್ಟೋ" ಅಂದಳು.